ಹತ್ತಿರದಿಂದ ಕೇಳುವ ವಾದ್ಯ

ಕ್ಲಾರಿನೆಟ್ ಅನ್ನುವ ಹೆಸರನ್ನು ಇಟ್ಟವರು ದೂರದಲ್ಲಿ ನಿಂತು ಕೇಳಿದವರು. ಹದಿನೆಂಟನೇ ಶತಮಾನದ ಆರಂಭದಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಯೋಹಾನ್ ಕ್ರಿಸ್ಟೋಫ್ ಡೆನ್ನರ್ ಎಂಬ ವಾದ್ಯ ತಯಾರಕ ಶಾಲುಮೋ ಎಂಬ ಹಳೆಯ ಊದುವಾದ್ಯವನ್ನು ತಿದ್ದಿ ಹೊಸದೊಂದನ್ನು ಮಾಡಿದ. ಅದರ ಮೇಲಿನ ಸ್ಥಾಯಿ ಕೇಳಿದವರಿಗೆ ತುತ್ತೂರಿ ನೆನಪಾಯಿತು. ಇಟಾಲಿಯನ್ನಿನಲ್ಲಿ ಎತ್ತರದ ದನಿಯ ತುತ್ತೂರಿಗೆ ಕ್ಲಾರಿನೋ ಅನ್ನುತ್ತಿದ್ದರು. ಅದಕ್ಕೊಂದು ಮುದ್ದಿನ ಪ್ರತ್ಯಯ ಅಂಟಿಸಿ ಕ್ಲಾರಿನೆಟ್, ಅಂದರೆ ಪುಟ್ಟ ತುತ್ತೂರಿ. 1732ರಲ್ಲಿ ಅಚ್ಚಾದ ವಾಲ್ಟರನ ಸಂಗೀತ ನಿಘಂಟು ಕೂಡ ಈ ವಾದ್ಯ ದೂರದಿಂದ ಕೇಳಿದರೆ ತುತ್ತೂರಿಯಂತಿರುತ್ತದೆ ಅಂತಲೇ ವಿವರಿಸಿದೆ. ಕಾಲಕ್ರಮದಲ್ಲಿ ಆ ‘ದೂರದಿಂದ’ ಅನ್ನುವ ಮಾತು ಬಿದ್ದುಹೋಯಿತು, ತುತ್ತೂರಿ ಮಾತ್ರ ಹೆಸರಿನಲ್ಲಿ ಉಳಿಯಿತು.

ನಮ್ಮಲ್ಲೂ ಆದದ್ದು ಅದೇ. ಕ್ಲಾರಿನೆಟ್ ಅಂದರೆ ನಮಗೆ ಮದುವೆ ದಿಬ್ಬಣ, ಗಣಪತಿ ಮೆರವಣಿಗೆ, ಕೆಂಪು ಕೋಟಿನ ಬ್ಯಾಂಡು. ಬಾಯಿಮಾತಿನಲ್ಲಿ ಅದಕ್ಕೆ ‘ಪೀಪಿ’ ಅಂತಲೂ ಅನ್ನುತ್ತೇವೆ. ಈ ಪತ್ರದಲ್ಲಿ ನಾನು ವಾದಿಸಲು ಹೊರಟಿರುವುದು ಇಷ್ಟು: ಊದುವಾದ್ಯಗಳಲ್ಲೆಲ್ಲ ಅತಿ ಮೆಲುದನಿಗೆ ಇಳಿಯಬಲ್ಲದ್ದು ಕ್ಲಾರಿನೆಟ್. ಅಂಥದ್ದನ್ನೇ ನಾವು ಬೀದಿಯಲ್ಲಿ ಗಟ್ಟಿಯಾಗಿ ಊದುವ ಕೆಲಸಕ್ಕೆ ಹಚ್ಚಿದೆವು. ಬೀದಿಯಿಂದ ಬಿಡಿಸಿಕೊಂಡ ಕೆಲವರು ಅದನ್ನು ಕಚೇರಿಯ ವೇದಿಕೆಗೆ ಒಯ್ದರು, ಅದು ದೊಡ್ಡ ಸಾಧನೆಯೇ. ಆದರೆ ಬೀದಿ ಮತ್ತು ವೇದಿಕೆಗಳ ನಡುವೆ ಮೂರು ನಾಲ್ಕು ಜನ ಕೂತು ತಮಗಾಗಿ ನುಡಿಸಿಕೊಳ್ಳುವ ಒಂದು ಜಾಗ ಇರುತ್ತದೆ. ಕ್ಲಾರಿನೆಟ್ಟಿನ ನಿಜವಾದ ಮನೆ ಅದು. ಅದನ್ನು ನಾವು ಕಟ್ಟಿಕೊಳ್ಳಲಿಲ್ಲ. ಕ್ಲಾರಿನೆಟ್ಟಿಗೆ ಮಾತ್ರವಲ್ಲ, ಯಾವ ವಾದ್ಯಕ್ಕೂ ಕಟ್ಟಿಕೊಳ್ಳಲಿಲ್ಲ.

ಮೊದಲು ವಾದ್ಯದ ಒಳಗೆ ಏನಾಗುತ್ತದೆ ಅನ್ನುವುದನ್ನು ಹೇಳುತ್ತೇನೆ, ಯಾಕೆಂದರೆ ವಾದದ ಅರ್ಧ ಭಾಗ ಅಲ್ಲೇ ಇದೆ.

ಕೊಳಲಿನಲ್ಲಿ ಒಂದು ಸ್ವರ ಹಿಡಿದು ಬಿಗಿಯಾಗಿ ಊದಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರುತ್ತದೆ. ಶಹನಾಯಿ, ಸ್ಯಾಕ್ಸೊಫೋನ್ ಕೂಡ ಹಾಗೇ. ಬೆರಳು ಅದೇ, ಸ್ವರ ಅದೇ, ಸ್ಥಾಯಿ ಮಾತ್ರ ಬೇರೆ. ಕ್ಲಾರಿನೆಟ್ ಮಾತ್ರ ಈ ನಿಯಮಕ್ಕೆ ಹೊರಗು. ಅದರ ಕೊಳವೆ ಹೆಚ್ಚೂಕಡಿಮೆ ಉದ್ದಕ್ಕೂ ಒಂದೇ ಅಳತೆಯದು, ರೀಡ್ ಇರುವ ತುದಿ ಮುಚ್ಚಿದ ತುದಿಯಂತೆ ವರ್ತಿಸುತ್ತದೆ. ಹಾಗಾಗಿ ಅದರೊಳಗಿನ ಗಾಳಿ ಬೆಸ ಸಂಖ್ಯೆಯ ಅನುಸ್ವರಗಳನ್ನೇ ಎತ್ತಿ ಹಿಡಿಯುತ್ತದೆ. ‘ಸ’ ಹಿಡಿದು ಹಿಂಬದಿಯಲ್ಲಿ ಹೆಬ್ಬೆರಳಿನ ಕೀಲಿ ಒತ್ತಿದರೆ ಮೇಲಿನ ‘ಸ’ ಬರುವುದಿಲ್ಲ, ಅದನ್ನೂ ದಾಟಿ ಆಚೆಯ ‘ಪ’ ಬರುತ್ತದೆ! ಕೊಳಲು ನುಡಿಸಿ ಬಂದವರಿಗೆ ಇದು ಮೊದಲ ವಾರ ತಲೆ ಕೆಡಿಸುತ್ತದೆ. ಕೆಳಗಿನ ಮನೆಯ ವಿಳಾಸ ಮೇಲಿನ ಮನೆಗೆ ನಡೆಯುವುದಿಲ್ಲ, ಎರಡಕ್ಕೂ ಬೇರೆ ಬೆರಳುಗಳನ್ನು ಕಲಿಯಬೇಕು.

ಇದರಿಂದ ಸಿಗುವ ಲಾಭವೂ ಇದೆ. ಕ್ಲಾರಿನೆಟ್ಟಿಗೆ ಒಂದೇ ದನಿಯಿಲ್ಲ, ಎರಡಿವೆ. ಕೆಳಗಿನದು ಕಪ್ಪು, ದಪ್ಪ, ಸ್ವಲ್ಪ ಒದ್ದೆ. ಹಳೆಯ ವಾದ್ಯದ ನೆನಪಿಗೆ ಅದನ್ನು ಈಗಲೂ ಶಾಲುಮೋ ಸ್ಥಾಯಿ ಅಂತಲೇ ಕರೆಯುತ್ತಾರೆ. ಮೇಲಿನದು ತಿಳಿ, ಹೊಳಪಿನದು, ಬೇಕೆಂದಾಗ ಚುಚ್ಚುವಂಥದ್ದು. ನಡುವೆ ಮೂರು ನಾಲ್ಕು ಪೇಲವ ಸ್ವರಗಳು, ಅವಕ್ಕೆ ಗಂಟಲ ಸ್ವರಗಳು ಅನ್ನುವ ಹೆಸರಿದೆ. ಬ್ಯಾಂಡಿನವರಿಗೆ ಉಪಯೋಗವಿರುವುದು ಮೇಲಿನ ದನಿಯಿಂದ ಮಾತ್ರ. ಡ್ರಮ್ಮು, ಟ್ರಂಪೆಟ್ಟುಗಳ ಗದ್ದಲದಲ್ಲಿ ಕೆಳಗಿನ ದನಿ ಊದುವವನ ಕಿವಿಗೇ ಬೀಳುವುದಿಲ್ಲ. ಇದೆಲ್ಲಕ್ಕಿಂತ ದೊಡ್ಡ ವಿಶೇಷ ಇನ್ನೊಂದಿದೆ: ಕ್ಲಾರಿನೆಟ್ಟಿನಲ್ಲಿ ಸ್ವರವನ್ನು ಅದು ಶುರುವಾದದ್ದೇ ತಿಳಿಯದಂತೆ ಶುರುಮಾಡಬಹುದು. ಪಿಟೀಲು ನಿಂತ ಜಾಗದಲ್ಲಿ ಅದೇ ಸ್ವರ ಹಿಡಿದು ಒಳಗೆ ಬಂದರೆ, ಪಿಟೀಲು ಎಲ್ಲಿ ಮುಗಿಯಿತು, ಇದು ಎಲ್ಲಿ ಹುಟ್ಟಿತು ಅನ್ನುವುದು ಎದುರು ಕೂತವರಿಗೆ ಗೊತ್ತಾಗುವುದಿಲ್ಲ. ಶಹನಾಯಿ, ನಾಗಸ್ವರಗಳಲ್ಲಿ ಇಷ್ಟು ಮೆಲ್ಲಗೆ ಒಳಬರುವುದು ಬಹಳ ಕಷ್ಟ. ಈ ಗುಣವನ್ನು ಕೇಳಬೇಕಾದರೆ ಹತ್ತಡಿಯೊಳಗೆ ಕೂರಬೇಕು. ಸಾವಿರ ಜನರ ಸಭಾಂಗಣದಲ್ಲಿ ಮೈಕು ಹಿಡಿದರೆ ಅರ್ಧ ಸತ್ತಿರುತ್ತದೆ, ಬೀದಿಯಲ್ಲಂತೂ ಹುಟ್ಟುವುದೇ ಇಲ್ಲ.

ಈ ಗುಣ ಗೊತ್ತಿದ್ದ ಸಂಗೀತಗಾರರು ಕ್ಲಾರಿನೆಟ್ಟಿಗೆ ಬರೆದದ್ದನ್ನು ನೋಡಿ. 1786ರಲ್ಲಿ ಮೊಜಾರ್ಟ್ ವಿಯೆನ್ನಾದಲ್ಲಿ ಕ್ಲಾರಿನೆಟ್, ವಿಯೋಲಾ, ಪಿಯಾನೋ ಮೂರಕ್ಕೆಂದು ಒಂದು ಕೃತಿ ಬರೆದ. ಪಿಯಾನೋ ಭಾಗ ಅವನ ಶಿಷ್ಯೆ ಫ್ರಾಂಚಿಸ್ಕಾ ಫಾನ್ ಯಾಕ್ವಿನ್‌ಳಿಗೆ, ಕ್ಲಾರಿನೆಟ್ ಗೆಳೆಯ ಆಂಟನ್ ಸ್ಟಾಡ್ಲರನಿಗೆ. ಮೊಜಾರ್ಟ್ ತಾನು ಹಿಡಿದದ್ದು ವಿಯೋಲಾ. ಇದು ನನಗೆ ಬಹಳ ಇಷ್ಟದ ಸಂಗತಿ. ಆ ಕಾಲದ ವಿಯೆನ್ನಾದ ಅತ್ಯುತ್ತಮ ಪಿಯಾನೋ ವಾದಕರಲ್ಲೊಬ್ಬ, ಗೆಳೆಯರ ಮನೆಯಲ್ಲಿ ಕೂತಾಗ ಪಿಯಾನೋವನ್ನು ಶಿಷ್ಯೆಗೆ ಬಿಟ್ಟು ನಡುವಿನ ದನಿ ತಗೊಳ್ಳುತ್ತಾನೆ. ನಡುವಿನಲ್ಲಿ ಕೂತರೆ ಎರಡೂ ಕಡೆ ಕೇಳುತ್ತದೆ. ನೂರು ವರ್ಷದ ಮೇಲೆ ಬ್ರಾಮ್ಸ್ ಇನ್ನು ಬರೆಯುವುದು ಸಾಕು ಅಂತ ತೀರ್ಮಾನಿಸಿದ್ದವನು, 1891ರಲ್ಲಿ ಮೈನಿಂಗೆನ್ ಆಸ್ಥಾನದ ರಿಚರ್ಡ್ ಮ್ಯೂಲ್‌ಫೆಲ್ಟನ ಕ್ಲಾರಿನೆಟ್ ಕೇಳಿ ಮತ್ತೆ ಲೇಖನಿ ಹಿಡಿದ. ಆಗ ಬರೆದದ್ದೂ ಕ್ಲಾರಿನೆಟ್ಟನ್ನು ಎದುರಿಗೆ ನಿಲ್ಲಿಸಿ ಮೆರೆಸುವ ದೊಡ್ಡ ಕೃತಿಯಲ್ಲ. ಮೂರು ಜನರದ್ದೊಂದು, ಐದು ಜನರದ್ದೊಂದು, ಮುಂದೆ ಇಬ್ಬರದ್ದೆರಡು. ಫ್ರೆಂಚ್ ಸಂಗೀತಗಾರ ಮೆಸಿಯಾನ್ ನಾಲ್ಕು ಜನರಿಗೆ ಬರೆದು, 1941ರ ಜನವರಿಯಲ್ಲಿ ಗೋರ್ಲಿಟ್ಸ್ ಬಳಿಯ ಜರ್ಮನ್ ಯುದ್ಧಕೈದಿಗಳ ಶಿಬಿರದಲ್ಲಿ ಮೊದಲ ಸಲ ನುಡಿಸಿದ ಕೃತಿಯೂ ಇದೇ ಸಾಲಿನದು. ಕ್ಲಾರಿನೆಟ್, ಪಿಟೀಲು, ಚೆಲ್ಲೋ ಬಾರಿಸುವ ಮೂವರು ಸಹಕೈದಿಗಳು ಅಲ್ಲಿ ಸಿಕ್ಕರು, ಪಿಯಾನೋಗೆ ತಾನೇ ಕೂತ. ಯಾರು ಸಿಕ್ಕರೋ ಅವರಿಗೆ ಬರೆದದ್ದು ಅದು.

ಇಂಥ ಸಂಗೀತಕ್ಕೆ ಇಂಗ್ಲಿಷಿನಲ್ಲಿ ಚೇಂಬರ್ ಮ್ಯೂಸಿಕ್ ಅನ್ನುತ್ತಾರೆ. ಅನುವಾದದ ಕೆಲಸದಲ್ಲಿ ಈ ಮಾತು ಎದುರಾದಾಗಲೆಲ್ಲ ನನ್ನ ಕೈ ನಿಲ್ಲುತ್ತದೆ. ಚೇಂಬರ್ ಅಂದರೆ ಕನ್ನಡ ಕಿವಿಗೆ ವಕೀಲರ ಕಚೇರಿ, ಇಲ್ಲವೇ ಫಿಲ್ಮ್ ಚೇಂಬರ್. ‘ಕೋಣೆ ಸಂಗೀತ’ ಅಂದರೆ ಯಾರನ್ನೋ ಕೂಡಿಹಾಕಿದ ಹಾಗೆ. ‘ಬೈಠಕ್’ ಹತ್ತಿರ ಬರುತ್ತದೆ, ಜಾಗ ಚಿಕ್ಕದು, ಕೇಳುವವರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿರುತ್ತಾರೆ. ಆದರೆ ಅಲ್ಲೂ ಒಬ್ಬರು ಹಾಡುವವರು, ಉಳಿದವರು ಜೊತೆಗಿರುವವರು. ಕೋಣೆಯ ಅಳತೆ ಸರಿಯಿದೆ, ಕೂತವರ ಸಂಬಂಧ ಸರಿಯಿಲ್ಲ. ನಮ್ಮ ‘ಪಕ್ಕವಾದ್ಯ’ ಅನ್ನುವ ಮಾತನ್ನೇ ನೋಡಿ. ನಡುವೆ ಒಬ್ಬರಿದ್ದರೆ ಮಾತ್ರ ಅವರಿಗೆ ಪಕ್ಕ ಅನ್ನುವುದಿರುತ್ತದೆ. ಹಿಂದೂಸ್ತಾನಿಯವರ ‘ಸಾಥ್’, ‘ಸಂಗತ್’ ಅರ್ಥದಲ್ಲಿ ಇನ್ನಷ್ಟು ಸ್ನೇಹದ ಮಾತುಗಳು, ನಡವಳಿಕೆಯಲ್ಲಿ ಹೆಚ್ಚೇನೂ ಫರಕಿಲ್ಲ. ಜುಗಲ್‌ಬಂದಿ ಸಮಾನರದ್ದು ನಿಜ, ಆದರೆ ಅದು ಬೇಗನೆ ಪೈಪೋಟಿಗೆ ತಿರುಗುತ್ತದೆ. ಕೊನೆಯ ಸವಾಲ್ ಜವಾಬ್ ನುಡಿಸುವುದೇ ಚಪ್ಪಾಳೆಗೆ.

ಸಮಾನರ ಪುಟ್ಟ ಗುಂಪಿಗೆ ನಮ್ಮಲ್ಲಿ ಇದ್ದ ಮಾತು ‘ಮೇಳ’. ಭಾರತದಲ್ಲಿ ಕ್ಲಾರಿನೆಟ್ಟಿನ ಕಥೆ ಶುರುವಾಗುವುದೂ ಒಂದು ಚಿಕ್ಕ ಮೇಳದಲ್ಲೇ. ತಮಿಳುನಾಡಿನ ದೇವಾಲಯಗಳ ಪರಂಪರೆಯಲ್ಲಿ ನಾಗಸ್ವರ ಮತ್ತು ತವಿಲಿನದು ಪೆರಿಯಮೇಳ, ದೊಡ್ಡದು. ನಟ್ಟುವನಾರ್, ಹಾಡುವವರು, ಮೃದಂಗ, ಮುಖವೀಣೆ, ಜೊತೆಗೆ ನರ್ತಕಿ ಇರುತ್ತಿದ್ದದ್ದು ಚಿನ್ನಮೇಳ. ಚಿನ್ನ ಅಂದರೆ ಚಿಕ್ಕದು. ಹತ್ತೊಂಬತ್ತನೇ ಶತಮಾನದಲ್ಲಿ ಮಹಾದೇವ ನಟ್ಟುವನಾರ್ ಎಂಬುವರು ಕ್ಲಾರಿನೆಟ್ಟನ್ನು ಈ ಮೇಳಕ್ಕೆ ತಂದರು. ನಿಧಾನವಾಗಿ ಅದು ಮುಖವೀಣೆಯ ಜಾಗದಲ್ಲಿ ಕೂತಿತು. ಆ ಸೀಮೆಯಲ್ಲಿ ಪಾಶ್ಚಾತ್ಯ ಬ್ಯಾಂಡು ಅಷ್ಟರಲ್ಲಾಗಲೇ ಹಳೆಯದಾಗಿತ್ತು, ತಂಜಾವೂರಿನ ಮರಾಠಿ ಅರಸು ಎರಡನೇ ಸರ್ಫೋಜಿ ತನ್ನ ಆಸ್ಥಾನದಲ್ಲಿ ಒಂದನ್ನು ಸಾಕಿದ್ದ. ಬ್ಯಾಂಡಿನ ವಾದ್ಯ ನೃತ್ಯದ ಮೇಳಕ್ಕೆ ಬಂದು ಮಾಡಿದ ಕೆಲಸ ಬ್ಯಾಂಡಿನದಲ್ಲ. ಹಾಡುವ ಹೆಂಗಸಿನ ದನಿಯ ಅಂಚಿನಲ್ಲೇ ನಡೆಯುವುದು, ಅವಳು ಉಸಿರು ತಗೊಳ್ಳುವಾಗ ಪದವನ್ನು ಕೆಳಗೆ ಬೀಳದಂತೆ ಹಿಡಿದಿರುವುದು, ಮತ್ತೆ ಅವಳಿಗೆ ಒಪ್ಪಿಸಿ ಮರೆಯಾಗುವುದು. ಆಮೇಲೆ ದೇವದಾಸಿ ಪದ್ಧತಿಯ ವಿರುದ್ಧದ ಚಳವಳಿ ಬಂತು, ನೃತ್ಯ ಸಭಾಗಳ ವೇದಿಕೆ ಏರಿತು, ಹಳೆಯ ಮೇಳಗಳು ಚದುರಿದವು. ಹೊಸ ಭರತನಾಟ್ಯದ ಪಕ್ಕದಲ್ಲಿ ಕೊಳಲು, ಪಿಟೀಲು, ವೀಣೆ ಕೂತವು. ಬಾಲಸರಸ್ವತಿಯವರಂಥ ಕೆಲವರ ಮೇಳದಲ್ಲಿ ಮಾತ್ರ ಕ್ಲಾರಿನೆಟ್ ಬಹುಕಾಲ ಉಳಿಯಿತು. ಕಲೆಯನ್ನು ‘ಶುದ್ಧ’ಗೊಳಿಸಿದ ಗಡಿಬಿಡಿಯಲ್ಲಿ ಏನೇನು ಹೋಯಿತು ಅಂತ ಪಟ್ಟಿ ಮಾಡುವವರು ಈ ವಾದ್ಯವನ್ನೂ ಸೇರಿಸಿಕೊಳ್ಳಬೇಕು.

ಮೈಸೂರಿನಲ್ಲಿ ದಾರಿ ಬೇರೆ. ಅಲ್ಲಿ ಅರಮನೆಯ ಆಶ್ರಯದಲ್ಲಿ ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ಬ್ಯಾಂಡ್ ಎರಡೂ ಇದ್ದವು. ದಸರೆಯ ಪೊಲೀಸ್ ಬ್ಯಾಂಡಿನಲ್ಲಿ ಆ ಎರಡು ಹೆಸರುಗಳನ್ನು ಈಗಲೂ ಕೇಳಬಹುದು. ಕದ್ರಿ ಗೋಪಾಲನಾಥರು ಹುಡುಗರಾಗಿದ್ದಾಗ ಸ್ಯಾಕ್ಸೊಫೋನ್ ಮೊದಲು ಕೇಳಿದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲೇ. ಕ್ಲಾರಿನೆಟ್ಟಿಗೂ ಅಂಥ ಧೀರರು ಸಿಕ್ಕರು. ತಿರುಚಿರಾಪಳ್ಳಿಯ ಎ.ಕೆ.ಸಿ. ನಟರಾಜನ್ ಅದನ್ನು ಕರ್ನಾಟಕ ಸಂಗೀತದ ಪ್ರಧಾನ ವಾದ್ಯವಾಗಿ ನಿಲ್ಲಿಸಿದರು, 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ರಾಯಚೂರಿನ ಪಂಡಿತ್ ನರಸಿಂಹಲು ವಡವಾಟಿ, ಸಿದ್ಧರಾಮ ಜಂಬಲದಿನ್ನಿಯವರ ಶಿಷ್ಯರು, ಹಿಂದೂಸ್ತಾನಿ ಖ್ಯಾಲನ್ನು ಕ್ಲಾರಿನೆಟ್ಟಿನಲ್ಲಿ ಹಾಡಿಸಿದರು. ಹಾಡಿಸಿದರು ಅಂತ ಬೇಕೆಂದೇ ಬರೆದಿದ್ದೇನೆ. ಕೀಲಿಗಳ ವಾದ್ಯದಲ್ಲಿ ಮೀಂಡ್ ತೆಗೆಯುವುದು ಅಂದರೆ ಮೆಟ್ಟಿಲ ಮೇಲೆ ಜಾರುವ ಕೆಲಸ. ತುಟಿಯ ಹಿಡಿತ ಸಡಿಲಿಸಿ, ಬೆರಳನ್ನು ಅರೆಬರೆ ಎತ್ತಿ, ಎರಡು ಸ್ವರಗಳ ನಡುವಿನ ಜಾಗವನ್ನು ಪ್ರತಿ ಸಲ ಹೊಸದಾಗಿ ಕಟ್ಟಬೇಕು. ಅವರ ಮಂದ್ರದ ಆಲಾಪ ಕೇಳಿದವರು ಮತ್ತೆ ಕ್ಲಾರಿನೆಟ್ಟನ್ನು ಪೀಪಿ ಅನ್ನಲಾರರು.

ಇಷ್ಟು ಗೌರವ ಹೇಳಿದ ಮೇಲೆ ನನ್ನ ತಕರಾರು. ಈ ದೊಡ್ಡವರಿಂದ ನಾವು ಕಲಿತ ಪಾಠ ‘ಕ್ಲಾರಿನೆಟ್ಟೂ ಸೋಲೋ ವಾದ್ಯವಾಗಬಲ್ಲದು’ ಅನ್ನುವುದು. ಒಂದು ವಾದ್ಯ ಮರ್ಯಾದೆ ಗಳಿಸಬೇಕಾದರೆ ನಡುವಿನ ಜಮಖಾನೆ ಮೇಲೆ ಕೂರಲೇಬೇಕು ಅನ್ನುವ ನಂಬಿಕೆಯನ್ನು ಯಾರೂ ಪ್ರಶ್ನಿಸಲಿಲ್ಲ. ಆ ನಂಬಿಕೆಯ ಬೆಲೆ ತೆರುವವರು ವಿದ್ವಾಂಸರಲ್ಲ, ನಿಮ್ಮಂಥ ನನ್ನಂಥ ಸಾಮಾನ್ಯರು. ನಿಮ್ಮ ಪರಿಚಯದಲ್ಲೇ ಎಣಿಸಿ ನೋಡಿ. ಹುಡುಗರಾಗಿದ್ದಾಗ ಏಳೆಂಟು ವರ್ಷ ವೀಣೆ ಕಲಿತವರು, ಪಿಟೀಲಿನಲ್ಲಿ ಸೀನಿಯರ್ ಪಾಸಾದವರು, ಇಲ್ಲಿ ಮಹಾರಾಷ್ಟ್ರದಲ್ಲಾದರೆ ಗಾಂಧರ್ವ ಮಹಾವಿದ್ಯಾಲಯದ ಪರೀಕ್ಷೆಗಳನ್ನು ಒಂದರ ಮೇಲೊಂದು ಕಟ್ಟಿದವರು. ಅವರಲ್ಲಿ ಎಷ್ಟು ಜನ ನಲವತ್ತು ದಾಟಿದ ಮೇಲೆ ವಾದ್ಯ ಮುಟ್ಟುತ್ತಾರೆ? ಪರೀಕ್ಷೆಯಲ್ಲಿ ಪಕ್ಕದಲ್ಲಿ ತಬಲಾ ಇರಬಹುದು, ಅಂಕ ಒಬ್ಬರಿಗೇ. ಅಲ್ಲಿಂದ ಮುಂದೆ ಎರಡೇ ಬಾಗಿಲು: ವೇದಿಕೆ, ಇಲ್ಲವೇ ಅಟ್ಟ. ವೇದಿಕೆಗೆ ಬೇಕಾದಷ್ಟು ಬರುವುದಿಲ್ಲ ಅಂತ ಗೊತ್ತಾದ ದಿನ ವೀಣೆ ಗವಸು ಹಾಕಿಸಿಕೊಂಡು ಅಟ್ಟ ಸೇರುತ್ತದೆ. ಕ್ರಿಕೆಟ್ಟಿನಲ್ಲಿ ರಣಜಿಗೆ ಆಯ್ಕೆಯಾಗದವರು ಭಾನುವಾರ ಬ್ಯಾಟು ಹಿಡಿಯುವುದನ್ನು ಬಿಡುವುದಿಲ್ಲವಲ್ಲ. ಸಂಗೀತದಲ್ಲಿ ಮಾತ್ರ ಬಿಟ್ಟುಬಿಡುತ್ತಾರೆ, ಯಾಕೆಂದರೆ ಒಬ್ಬಂಟಿ ಸಾಧನೆಗೆ ಕೇಳುಗರೂ ಇಲ್ಲ, ಜೊತೆಯೂ ಇಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ನಮ್ಮ ಸಂಗೀತದ ಜೀವ ಮನೋಧರ್ಮ, ಅದು ಒಬ್ಬರ ತಲೆಯಿಂದ ಆ ಕ್ಷಣ ಹುಟ್ಟುವಂಥದ್ದು, ನಾಲ್ಕು ಜನ ಸೇರಿದರೆ ಅದು ಚಪ್ಪಟೆಯಾಗುತ್ತದೆ ಅನ್ನುತ್ತಾರೆ. ಆಕಾಶವಾಣಿಯ ವಾದ್ಯವೃಂದಗಳನ್ನು ಉದಾಹರಣೆಗೆ ತೋರಿಸುತ್ತಾರೆ. ಹೌದು, ಇಪ್ಪತ್ತು ಮೂವತ್ತು ಜನ ಒಂದೇ ಗತ್ತನ್ನು ಬರೆದಿಟ್ಟುಕೊಂಡು ನುಡಿಸುವಾಗ ರಾಗ ಇಸ್ತ್ರಿ ಮಾಡಿದ ಬಟ್ಟೆಯಂತಾಗುತ್ತದೆ. ಆದರೆ ತಪ್ಪು ಗುಂಪಿನದಲ್ಲ, ಸಂಖ್ಯೆಯದು. ನಾಲ್ಕೇ ಜನರಿದ್ದರೆ ಪ್ರತಿಯೊಬ್ಬರೂ ಉಳಿದ ಮೂವರನ್ನು ಬೇರೆ ಬೇರೆಯಾಗಿ ಕೇಳಬಹುದು. ಹತ್ತು ದಾಟಿದರೆ ಕೇಳುವುದು ನಿಂತು ಎಣಿಸುವುದು ಶುರುವಾಗುತ್ತದೆ, ಕೈ ಬೀಸುವವರು ಬೇಕಾಗುತ್ತಾರೆ.

ಮತ್ತೆ, ಸಮಾನರು ಸೇರಿ ನುಡಿಸುವುದು ನಮಗೆ ಹೊರಗಿನದು ಅನ್ನುವುದೂ ಸರಿಯಲ್ಲ. ನಾನಿರುವ ತಳೇಗಾಂವ ದಾಭಾಡೆಯಿಂದ ತುಕಾರಾಮರ ದೇಹೂ ದೂರವಲ್ಲ. ಈ ಸೀಮೆಯ ಹಳ್ಳಿಗಳಲ್ಲಿ ವಾರಕರಿ ಭಜನೆ ಇವತ್ತಿಗೂ ಜನ ದಿನಾ ಮಾಡುವ ಸಂಗೀತ. ಒಬ್ಬರ ಹೆಗಲಿಗೆ ವೀಣೆ, ಒಬ್ಬರಿಗೆ ಪಖವಾಜ್, ಉಳಿದವರ ಕೈಯಲ್ಲಿ ಟಾಳ. ಟಾಳದವರು ಎರಡು ಸಾಲಾಗಿ ಎದುರುಬದುರು ನಿಲ್ಲುತ್ತಾರೆ, ಜನರ ಕಡೆ ಮುಖ ಮಾಡುವುದಿಲ್ಲ. ಆ ನಿಲುವಿನಲ್ಲೇ ಎಲ್ಲ ಇದೆ: ಅವರ ಕೇಳುಗರು ಅವರೇ. ನಮ್ಮೂರುಗಳ ಭಜನಾ ಮಂಡಳಿಗಳೂ ಹೀಗೇ ಇದ್ದವು, ಮೈಕು ಬರುವ ತನಕ. ನನಗೆ ಬೇಕಾದದ್ದು ಆ ನಿಲುವು. ವಾದ್ಯ ಯಾವುದಾದರೂ ಆಗಲಿ.

ನಾವು ಭಾನುವಾರ ಸಂಜೆ ಸ್ಟೇಷನ್ ಭಾಗದ ಒಂದು ಮನೆಯಲ್ಲಿ ಸೇರುತ್ತೇವೆ. ನಾಲ್ಕು ಜನ. ಮುಂಬೈ ಮಾಟುಂಗಾದಲ್ಲಿ ಕಲಿತ ತಮಿಳು ಪಿಟೀಲು, ನಿವೃತ್ತ ಇಂಜಿನಿಯರ್. ಹಾರ್ಮೋನಿಯಮ್ಮಿಗೆ ಒಬ್ಬರು ಮರಾಠಿ ಟೀಚರು, ನಮಗೆಲ್ಲ ಕಾಕೂ, ಹಾಡುವವರೂ ಅವರೇ. ತಬಲಾದ ಹುಡುಗ ಎಂಐಡಿಸಿಯಲ್ಲಿ ಕೆಲಸಕ್ಕಿದ್ದಾನೆ, ಶಿಫ್ಟ್ ಇದ್ದ ವಾರ ಬರುವುದಿಲ್ಲ. ನನ್ನದು ಪ್ಲಾಸ್ಟಿಕ್ಕಿನ ಕ್ಲಾರಿನೆಟ್. ಇಲ್ಲಿ ಘಟ್ಟದ ಮಳೆ ನಾಲ್ಕು ತಿಂಗಳು ಬಿಡದೆ ಹೊಡೆಯುತ್ತದೆ, ಮರದ್ದು ಸಾಕುವ ಧೈರ್ಯವಿಲ್ಲ. ಮಳೆಗಾಲದಲ್ಲಿ ಬೆತ್ತದ ರೀಡ್ ಉಬ್ಬಿ ಹಪ್ಪಳದಂತೆ ಡೊಂಕಾಗುತ್ತದೆ, ಆಗ ಸಿಂಥೆಟಿಕ್ ರೀಡ್ ಕಟ್ಟುತ್ತೇನೆ. ದನಿ ಸ್ವಲ್ಪ ಸಪ್ಪೆ, ಭರವಸೆ ಹೆಚ್ಚು.

ಮೊದಲ ಜಗಳ ಶ್ರುತಿಯದಾಗಿತ್ತು. ಸಾಮಾನ್ಯ ಕ್ಲಾರಿನೆಟ್ ಬಿ ಫ್ಲ್ಯಾಟ್ ವಾದ್ಯ: ಕಾಗದದಲ್ಲಿ ಸಿ ಅಂತ ಬರೆದದ್ದನ್ನು ಊದಿದರೆ ಬರುವುದು ಬಿ ಫ್ಲ್ಯಾಟ್. ಕಾಗದದ್ದೊಂದು, ಕಿವಿಯದೊಂದು. ಪಾಶ್ಚಾತ್ಯ ಸಂಗೀತ ಕಲಿಯುವವರಿಗೆ ಇದೊಂದು ತಲೆನೋವು, ನಮಗೆ ಅಲ್ಲವೇ ಅಲ್ಲ, ಯಾಕೆಂದರೆ ನಮ್ಮ ‘ಸ’ ಎಂದೂ ಒಂದೇ ಕಡೆ ಗೂಟ ಹೊಡೆದು ನಿಂತದ್ದಲ್ಲ. ಕಾಕೂ ಅದನ್ನು ‘ಕಾಳಿ ಪಾಚ್’ ಅಂದರು, ಹಾರ್ಮೋನಿಯಮ್ಮಿನ ಐದನೇ ಕಪ್ಪು ಮನೆ. ಪಿಟೀಲಿನವರು ‘ಆರರೆ ಕಟ್ಟೈ’ ಅಂದರು, ನಮ್ಮ ಲೆಕ್ಕದಲ್ಲಿ ಆರೂವರೆ ಮನೆ. ಮೂರು ಹೆಸರು, ಒಂದೇ ಸ್ವರ. ಹೆಂಗಸರ ಕಂಠಕ್ಕೆ ಅದು ಹಿತವಾದ ಶ್ರುತಿ, ಕ್ಲಾರಿನೆಟ್ಟಿನ ಬೆರಳಿಗೆ ಅದಕ್ಕಿಂತ ಸುಲಭದ್ದಿಲ್ಲ. ಪಿಟೀಲಿನವರು ಮಾತ್ರ ತಂತಿ ಬಿಗಿಯುತ್ತ ಗೊಣಗುತ್ತಾರೆ.

ಏನು ನುಡಿಸುವುದು ಅನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ. ಉತ್ತರ ಸಿಕ್ಕಿದ್ದು ಮುತ್ತುಸ್ವಾಮಿ ದೀಕ್ಷಿತರಲ್ಲಿ. ಅವರ ಮನೆಯವರು ಮದರಾಸಿನ ಬಳಿ ಮಣಲಿಯಲ್ಲಿ ಇದ್ದ ಕಾಲದಲ್ಲಿ ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡು ಕೇಳುವ ಅವಕಾಶ ಅವರಿಗಿತ್ತು. ಆ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹಚ್ಚಿ ಅವರು ಮಾಡಿದ ಪುಟ್ಟ ರಚನೆಗಳೇ ನೊಟ್ಟುಸ್ವರಗಳು, ಎಲ್ಲ ಸೇರಿ ನಲವತ್ತರ ಆಸುಪಾಸು, ಎಲ್ಲವೂ ಶಂಕರಾಭರಣದ ಸ್ವರಗಳಲ್ಲಿ. ‘ಸಂತತಂ ಪಾಹಿಮಾಂ’ ಬ್ರಿಟಿಷ್ ರಾಜಗೀತೆಯ ಮಟ್ಟು. ‘ಶ್ಯಾಮಳೆ ಮೀನಾಕ್ಷಿ’ ಒಂದು ಹಳೆಯ ಫ್ರೆಂಚ್ ಹಾಡಿನದು, ನಮ್ಮ ಮಕ್ಕಳು ಅದನ್ನು ಟ್ವಿಂಕಲ್ ಟ್ವಿಂಕಲ್ ಅಂತ ಬಲ್ಲರು. ಅದೇ ಮಟ್ಟಿಗೆ ಮೊಜಾರ್ಟ್ ಪಿಯಾನೋದಲ್ಲಿ ಹನ್ನೆರಡು ರೂಪಾಂತರ ಬರೆದಿದ್ದಾನೆ. ಕಚೇರಿಗಳಲ್ಲಿ ನೊಟ್ಟುಸ್ವರವನ್ನು ಕೊನೆಗೆ ಚಿಲ್ಲರೆ ಕೊಟ್ಟ ಹಾಗೆ ಕೊಡುತ್ತಾರೆ, ಇಲ್ಲವೇ ಮಕ್ಕಳಿಗೆ ಕಲಿಸುತ್ತಾರೆ. ನನ್ನ ಮಟ್ಟಿಗೆ ಅವು ನಮ್ಮಲ್ಲಿ ಪುಟ್ಟ ಮೇಳಕ್ಕೆ ಹೇಳಿ ಮಾಡಿಸಿದ ಸಂಗೀತ. ಮಟ್ಟು ಸರಳ, ಗಮಕದ ಹೊರೆಯಿಲ್ಲ, ಒಳಗೆ ಜಾಗವಿದೆ. ಪಿಟೀಲು ಮಟ್ಟನ್ನು ಹಿಡಿಯುತ್ತದೆ, ಕ್ಲಾರಿನೆಟ್ ಕೆಳಗಿನ ಸ್ಥಾಯಿಯಲ್ಲಿ ‘ಸ’, ‘ಮ’, ‘ಪ’ಗಳ ನಡುವೆ ಉದ್ದುದ್ದ ಹೆಜ್ಜೆ ಇಡುತ್ತದೆ, ಎರಡನೇ ಸುತ್ತಿನಲ್ಲಿ ಅದಲುಬದಲು. ಅಭಂಗಕ್ಕೆ, ದಾಸರ ಪದಕ್ಕೆ ಬೇರೆ ಕ್ರಮ. ಅಲ್ಲಿ ಎಲ್ಲರೂ ಒಂದೇ ಮಟ್ಟು ನುಡಿಸುತ್ತೇವೆ, ಅವರವರ ವಾದ್ಯಕ್ಕೆ ಒಗ್ಗುವಂತೆ. ಪಿಟೀಲು ಜಾರುವಲ್ಲಿ ನಾನು ಎರಡು ಸ್ವರ ಬಿಟ್ಟುಬಿಡುತ್ತೇನೆ, ನಾನು ಉಸಿರು ತಗೊಳ್ಳುವಲ್ಲಿ ಹಾರ್ಮೋನಿಯಂ ತುಂಬುತ್ತದೆ. ಒಂದೇ ನೀರು, ನಾಲ್ಕು ಪಾತ್ರೆ.

ಸುಖ ಯಾವುದು ಅಂತ ಕೇಳಿದರೆ ಹೇಳುವುದು ಕಷ್ಟ, ಆದರೆ ಒಂದು ಜಾಗ ತೋರಿಸಬಹುದು. ನನ್ನ ಗಂಟಲ ಸ್ವರಗಳು, ಆ ಪೇಲವ ಮೂರು ನಾಲ್ಕು, ಒಬ್ಬಂಟಿ ಅಭ್ಯಾಸದಲ್ಲಿ ನನಗೆ ನಾಚಿಕೆ ತರಿಸುತ್ತವೆ. ಪಿಟೀಲು ಅದೇ ಸ್ವರವನ್ನು ನನ್ನ ಜೊತೆ ಹಿಡಿದಾಗ ಎರಡೂ ಕೂಡಿ ಮೂರನೆಯದೊಂದು ಬಣ್ಣ ಬರುತ್ತದೆ, ಅದು ನನ್ನದೂ ಅಲ್ಲ ಅವರದೂ ಅಲ್ಲ. ಇದು ಹತ್ತು ಸಲಕ್ಕೆ ಎರಡು ಸಲ ಆಗುತ್ತದೆ. ಅದು ಆದಾಗ ಯಾರೂ ಯಾರನ್ನೂ ನೋಡುವುದಿಲ್ಲ, ಕಾಕೂ ಮಾತ್ರ ಬಾತೆಯನ್ನು ಒಂಚೂರು ನಿಧಾನ ಮಾಡುತ್ತಾರೆ.

ಚಾತುರ್ಮಾಸದಲ್ಲಿ ಐದನೆಯವರೊಬ್ಬರು ಬರುತ್ತಾರೆ. ಮದುವೆ ಬ್ಯಾಂಡಿನಲ್ಲಿ ಮೂವತ್ತು ವರ್ಷ ಕ್ಲಾರಿನೆಟ್ ಊದಿದವರು. ಪುಣೆಯಲ್ಲಿ ಬ್ಯಾಂಡಿನವರಿಗೆ ಒಂದು ಕಾಲದಲ್ಲಿ ಒಳ್ಳೆಯ ಹೆಸರಿತ್ತು. ಪ್ರಭಾತ್, ದರ್ಬಾರ್ ಬ್ಯಾಂಡುಗಳನ್ನು ಕೇಳಲೆಂದೇ ಜನ ಗಣೇಶ ವಿಸರ್ಜನೆಯ ರಾತ್ರಿ ಲಕ್ಷ್ಮೀ ರಸ್ತೆಯಲ್ಲಿ ನಿಲ್ಲುತ್ತಿದ್ದರು. ಈಗ ಹೆಚ್ಚಿನ ಕಡೆ ಡಿಜೆ. ದೇಶದ ಬಹುಭಾಗದಲ್ಲಿ ಈ ಕಸುಬು ಮಂಗಳವಾದ್ಯ ನುಡಿಸುವ ಜಾತಿಗಳಿಗೆ ಅಂಟಿಕೊಂಡು ಬಂದದ್ದು, ನಮ್ಮ ಉತ್ತರ ಕರ್ನಾಟಕದ ಭಜಂತ್ರಿಗಳ ಹಾಗೆ. ಅವರ ಮಂಗಳವಾದ್ಯ ನಮಗೆ ಬೇಕು, ಪಂಕ್ತಿಯಲ್ಲಿ ಅವರು ಬೇಡ. ಸನಾದಿಗೆ ಕನ್ನಡದಲ್ಲಿ 1977ರಲ್ಲಿ ರಾಜಕುಮಾರರ ಚಿತ್ರವಾದರೂ ಬಂತು. ಬ್ಯಾಂಡಿನ ಕ್ಲಾರಿನೆಟ್ಟಿಗೆ ಅದೂ ಇಲ್ಲ.

ಅವರು ನನ್ನ ವಾದ್ಯವನ್ನು ಕೈಗೆ ತಗೊಂಡು ಮೊದಲು ಊದಿದ್ದು ಮೇಲಿನ ಸ್ಥಾಯಿಯಲ್ಲಿ. ಕಿಟಕಿ ಗಾಜು ನಡುಗಿತು. ಕಾಕೂ ನಗುತ್ತ ಕೆಳಗೆ ಬನ್ನಿ ಅಂದರು. ಅವರು ಕೆಳಗಿಳಿದು, ಉಸಿರು ಕಡಿಮೆ ಮಾಡಿ, ಅತ್ಯಂತ ಕೆಳಗಿನ ಸ್ವರವನ್ನು ಹಿಡಿದರು, ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ತಾಈ, ಇದನ್ನು ಊದಿ ಗೊತ್ತು, ಕೇಳಿ ಗೊತ್ತಿಲ್ಲ” ಅಂದರು. ಮರಾಠಿಯ ತಾಈ ಅಂದರೆ ಅಕ್ಕ. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು ಹಾಗೆ ಕರೆದರೆ ನಾನು ತಿದ್ದಲು ಹೋಗುವುದಿಲ್ಲ.

ಹಣದ ಮಾತನ್ನು ನಾವು ಮೊದಲೇ ಆಡಿ ಮುಗಿಸಿದೆವು. ಸಂತೋಷಕ್ಕೆ ನುಡಿಸುತ್ತೇವೆ ಅನ್ನುವುದು ತಿಂಗಳ ಸಂಬಳ, ಪಿಂಚಣಿ ಇರುವವರ ಮಾತು. ಅವರ ಎರಡು ಗಂಟೆ ನಮಗೆ ಆನಂದ, ಅವರಿಗೆ ಎರಡು ಗಂಟೆ. ಹಾಗಾಗಿ ಕಲಿಸುವವರಿಗೆ ಕೊಡುವ ಹಾಗೆ ಕೊಡುತ್ತೇವೆ, ಅವರು ಕಲಿಸುವುದೂ ಇದೆ. ರೀಡಿನ ತುದಿಯನ್ನು ಒಣ ಹುಲ್ಲಿನಿಂದ ಸವರಿ ತೆಳು ಮಾಡುವುದು, ಒಂದೇ ಹಾಡನ್ನು ಹನ್ನೆರಡು ಶ್ರುತಿಯಲ್ಲಿ ಕಾಗದವಿಲ್ಲದೆ ಬದಲಿಸುವುದು. ಎಂಎ ಓದಿದ ನನಗೆ ಎರಡನೆಯದು ಇನ್ನೂ ನಾಲ್ಕು ಶ್ರುತಿಯಲ್ಲಷ್ಟೇ ಬರುತ್ತದೆ. ತುಳಸಿ ಮದುವೆಯಾಗಿ ಲಗ್ನದ ಹಂಗಾಮು ಶುರುವಾದರೆ ಅವರು ಬರುವುದಿಲ್ಲ, ಬರಬೇಕು ಅಂತ ನಾವು ಕೇಳುವುದೂ ಇಲ್ಲ. ಇಂಥ ಗುಂಪುಗಳು ಊರಿಗೆ ನಾಲ್ಕಾದರೆ ಅವರಂಥ ಒಬ್ಬರಿಗೆ ಮಳೆಗಾಲದ ಆರ್ಧ ಖರ್ಚು ಹುಟ್ಟುತ್ತದೆ ಅನ್ನುವುದು ನನ್ನ ಲೆಕ್ಕ. ಕಲೆ ಉಳಿಸುವ ದೊಡ್ಡ ಯೋಜನೆಗಳಿಗಿಂತ ನನಗೆ ಈ ಸಣ್ಣ ಲೆಕ್ಕದಲ್ಲಿ ನಂಬಿಕೆ ಹೆಚ್ಚು.

ಈ ವರ್ಷ ಎರಡು ಕ್ಲಾರಿನೆಟ್ಟಿಗೆಂದು ‘ಶ್ಯಾಮಳೆ ಮೀನಾಕ್ಷಿ’ಯನ್ನು ದೇವನಾಗರಿ ಸರಿಗಮದಲ್ಲಿ ಬರೆದು ಎಲ್ಲರಿಗೂ ಜೆರಾಕ್ಸ್ ಕೊಟ್ಟಿದ್ದೇನೆ. ಅವರು ತಮ್ಮ ಪ್ರತಿಯಲ್ಲಿ ಪೆನ್ಸಿಲಿನಿಂದ ಮೂರು ಕಡೆ ‘ಹಳೂ’ ಅಂತ ಗುರುತು ಹಾಕಿದರು, ಎಲ್ಲರೂ ಅದನ್ನು ನಕಲು ಮಾಡಿಕೊಂಡೆವು. ಮರಾಠಿಯಲ್ಲಿ ಹಳೂ ಅಂದರೆ ನಿಧಾನ, ಹಳೂ ಅಂದರೆ ಸಣ್ಣ ದನಿಯಲ್ಲಿ, ಥೇಟು ನಮ್ಮ ‘ಮೆಲ್ಲಗೆ’ಯಂತೆ. ಆ ಜಾಗ ಬಂದಾಗಲೆಲ್ಲ ತಬಲಾದ ಹುಡುಗ ಲಯ ಇಳಿಸುತ್ತಾನೆ, ಪಿಟೀಲಿನವರು ಲಯ ಬಿಡದೆ ದನಿ ಇಳಿಸುತ್ತಾರೆ, ಕಾಕೂ ಇಬ್ಬರನ್ನೂ ಬೈಯುತ್ತಾರೆ. ಬರೆದವರನ್ನು ಕೇಳಿದರೆ ಎರಡೂ ಅಂತಾರೆ.